ಚಿಕ್ಕಿ ರಾಕೆಟ್ಟಿಗೆ ಅಂಗಿ ತೊಡಿಸಿದ್ದು

ಚಿಕ್ಕಿಯ ಕೈ ಬೆವರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಹನ್ನೊಂದು ವರ್ಷ ಒಂದು ಕಾರ್ಖಾನೆಯ ಜನವೆಲ್ಲ ಅವಳ ಕೈ ಬೆವರುತ್ತದೆ ಎಂದೇ ನಂಬಿದ್ದರು. ತಗಡಿನ ಚಾವಣಿ ಕಾದು ಎಲ್ಲರ ಕತ್ತಿನಿಂದ ನೀರಿಳಿಯುವ ಹೊತ್ತಿನಲ್ಲೂ ಅವಳ ಅಂಗೈ ಹಳೇ ಪುಸ್ತಕದ ಹಾಳೆಯ ಹಾಗೆ ಒಣಒಣ. ಹುಟ್ಟಿದಾಗ ಸೂಲಗಿತ್ತಿಯೇ ಅಂದಿದ್ದಳಂತೆ, ಈ ಮಗು ಮುಷ್ಟಿ ಬಿಗಿಹಿಡಿದರೂ ಅಂಗೈ ಒದ್ದೆಯಾಗಲ್ಲ, ಇದು ಯಾರ ಕೈಗೂ ಸುಲಭಕ್ಕೆ ಅಂಟಿಕೊಳ್ಳುವ ಜೀವ ಅಲ್ಲ ಎಂದು. ಸೂಲಗಿತ್ತಿಯರು ಹೇಳುವುದೆಲ್ಲ ನಿಜವಾಗುವುದಿಲ್ಲ ಅನ್ನಿ. ಅದೇ ಸೂಲಗಿತ್ತಿ ಪಕ್ಕದ ಮನೆಯ ಮಗು ಗಾಯಕನಾಗುತ್ತಾನೆ ಅಂದಿದ್ದಳು, ಅವನು ಹೋಗಿ ಬೀಗ ರಿಪೇರಿ ಮಾಡುವವನಾದ. ಅದಿರಲಿ.

ಚಿಕ್ಕಿ ಕೆಲಸ ಮಾಡುವ ಕಾರ್ಖಾನೆಯಲ್ಲಿ ರಾಕೆಟ್ ಮಾಡುತ್ತಾರೆ. ಹೆದರಬೇಡಿ, ಹಾರುವ ರಾಕೆಟ್ ಅಲ್ಲ, ನಿಲ್ಲುವ ರಾಕೆಟ್. ನಿಜವಾದದ್ದರ ಅಳತೆಯನ್ನು ಕುಗ್ಗಿಸಿ ಮಾಡಿದ ಮಾದರಿಗಳು. ಮೇಜಿನ ಮೇಲಿಡುವ ಗೇಣುದ್ದದವು, ಶಾಲೆಯ ಗಾಜಿನ ಕಪಾಟಿಗೆ ಮೊಳದುದ್ದದವು, ಆಗೊಮ್ಮೆ ಈಗೊಮ್ಮೆ ದೊಡ್ಡ ಕಟ್ಟಡದ ಬಾಗಿಲಲ್ಲಿ ನಿಲ್ಲಿಸಲು ಆಳೆತ್ತರದವು. ದಪ್ಪ ರಟ್ಟಿನ ಕೊಳವೆ ಬರುತ್ತದೆ. ಲೇತಿನ ತಾತ ಅದಕ್ಕೆ ಮರದ ಮೂಗು ಕಡೆದು ಕೂರಿಸುತ್ತಾನೆ. ಆಮೇಲೆ ಕೊಳವೆಗೆ ಬಿಳಿ ಪ್ರೈಮರ್ ಬಳಿದು, ಮರಳು ಕಾಗದದಲ್ಲಿ ಉಜ್ಜಿ, ಮತ್ತೆ ಬಳಿದು, ಮತ್ತೆ ಉಜ್ಜಿ, ಕೊನೆಗೆ ಅಂಗಿ ತೊಡಿಸುತ್ತಾರೆ. ಅಂಗಿ ಅಂದರೆ ಬಣ್ಣದಲ್ಲಿ ಅಚ್ಚಾದ ಕಾಗದ ಅಥವಾ ವಿನೈಲ್, ಅಂದರೆ ಬೆನ್ನಿಗೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ. ಕಪ್ಪು ಬಿಳಿ ಚೌಕಗಳು, ಅಕ್ಷರಗಳು, ತಗಡು ಕೂಡಿಸಿದ ಗೆರೆಗಳು, ಸಾಸಿವೆಯಷ್ಟು ಸಣ್ಣ ಮೊಳೆಯ ತಲೆಗಳು, ಎಲ್ಲವೂ ಅದರಲ್ಲೇ ಇರುತ್ತವೆ. ಅದನ್ನು ಕೊಳವೆಯ ಸುತ್ತ ಒಂದೇ ಸುತ್ತು ಸುತ್ತಿ, ತುದಿಗೆ ತುದಿ ಸೇರಿಸಬೇಕು. ಸುಕ್ಕು ಬರಬಾರದು, ಗುಳ್ಳೆ ಏಳಬಾರದು, ಚೌಕಕ್ಕೆ ಚೌಕ ಕೂರಬೇಕು. ಅಂಗಿ ಸರಿಯಾಗಿ ಕೂತರೆ ರಟ್ಟಿನ ಕೊಳವೆ ರಾಕೆಟ್ ಆಗುತ್ತದೆ. ಕೂರದಿದ್ದರೆ ಅದು ಅಂಗಿ ಹರಿದ ರಟ್ಟಿನ ಕೊಳವೆ.

ಈ ಕೆಲಸಕ್ಕೆ ಚಿಕ್ಕಿ ಹುಟ್ಟಿದ್ದಳು ಎಂದರೆ ತಪ್ಪಿಲ್ಲ. ಅವಳಪ್ಪ ಪುಸ್ತಕಕ್ಕೆ ರಟ್ಟು ಕಟ್ಟುವವನು. ಮನೆ ಅಂದರೆ ಮುಂದೆ ಅಂಗಡಿ, ಹಿಂದೆ ಅಡುಗೆ, ನಡುವೆ ಗೋಂದಿನ ವಾಸನೆ. ಐದು ವರ್ಷದ ಮಗುವಿಗೇ ಅವನು ಕಾಗದದ ನಾರು ನೋಡುವುದನ್ನು ಕಲಿಸಿದ್ದ.

"ಕಾಗದಕ್ಕೂ ಬೆನ್ನೆಲುಬಿದೆ ಮಗಳೇ. ಒಂದು ಮೂಲೆ ಒದ್ದೆ ಮಾಡು, ಯಾವ ಕಡೆ ಸುರುಳಿ ಆಗುತ್ತೆ ನೋಡು. ಅದು ಬಾಗೋ ಕಡೆ ನೀನು ಬಾಗಿಸು. ಅದು ಬೇಡ ಅನ್ನೋ ಕಡೆ ಬಾಗಿಸಿದ್ರೆ ಇವತ್ತು ಸುಮ್ನಿರುತ್ತೆ, ನಾಳೆ ಸೇಡು ತೀರಿಸ್ಕೊಳ್ಳುತ್ತೆ."

ಅಪ್ಪ ಹೇಳಿದ್ದು ಕಾಗದದ ವಿಷಯ. ಮಗಳು ಅದನ್ನು ಬಹಳ ದೂರ ಒಯ್ದಳು.

ಮದುವೆಯಾಗಿ ಬಂದ ಮನೆಯಲ್ಲಿ ಗಂಡನ ಅಣ್ಣನ ಹೆಂಡತಿ ಇದ್ದಳು, ಓರಗಿತ್ತಿ. ಎಲ್ಲರ ಬಾಯಲ್ಲೂ ದೊಡ್ಡಕ್ಕ. ಅವಳ ಮಕ್ಕಳು ಹೊಸಬಳನ್ನು ಚಿಕ್ಕಿ ಎಂದು ಕರೆದವು, ಆ ಹೆಸರೇ ಬೀದಿಗೂ ಕಾರ್ಖಾನೆಗೂ ನಡೆದುಕೊಂಡು ಬಂತು. ಎರಡು ಜುಟ್ಟು ಸೇರಿದರೂ ಎರಡು ಜಡೆ ಸೇರವು ಅನ್ನುತ್ತಾರಲ್ಲ, ಇವರು ಸೇರಿದರು. ಸುಳ್ಳು ಹೇಳಬಾರದು, ದೊಡ್ಡಕ್ಕ ಒಳ್ಳೆಯವಳೇ. ಚಿಕ್ಕಿಗೆ ಜ್ವರ ಬಂದಾಗ ಮೂರು ದಿನ ಹಣೆಗೆ ಒದ್ದೆ ಬಟ್ಟೆ ಹಾಕಿದವಳು. ರಾಕೆಟ್ ಕಾರ್ಖಾನೆಯಲ್ಲಿ ಅಂಗಿ ತೊಡಿಸುವ ಮೇಜಿಗೆ ಇನ್ನೊಬ್ಬಳು ಬೇಕು ಎಂದಾಗ, "ನಮ್ಮ ಚಿಕ್ಕಿ ಇದ್ದಾಳೆ, ಕೈ ಚಿನ್ನ" ಎಂದು ಯಜಮಾನರ ಹತ್ತಿರ ಕರೆದುಕೊಂಡು ಹೋದವಳೂ ಅವಳೇ. ಒಂದೇ ಡಬ್ಬಿಯಲ್ಲಿ ಊಟ, ಒಂದೇ ಛತ್ರಿಯಲ್ಲಿ ನಡಿಗೆ. ಮೂರು ವರ್ಷ ಹಾಗೇ ಇತ್ತು.

ತೊಂದರೆ ಎಲ್ಲಿ ಶುರುವಾಯಿತೆಂದರೆ, ಚಿಕ್ಕಿ ದೊಡ್ಡಕ್ಕನಿಗಿಂತ ಚೆನ್ನಾಗಿ ಮಾಡತೊಡಗಿದಳು. ದೊಡ್ಡಕ್ಕ ತೊಡಿಸಿದ ಅಂಗಿಯಲ್ಲಿ ಸೇರಿಸಿದ ಗೆರೆ ಹುಡುಕಿದರೆ ಸಿಗುತ್ತಿತ್ತು. ಚಿಕ್ಕಿ ತೊಡಿಸಿದ್ದರಲ್ಲಿ ಉಗುರು ಆಡಿಸಿದರೂ ಸಿಗುತ್ತಿರಲಿಲ್ಲ. ಲೇತಿನ ತಾತನಿಗೆ ನಾಲಗೆಗೆ ಬೀಗವಿಲ್ಲ. ಎಲ್ಲರೆದುರು, "ದೊಡ್ಡಕ್ಕ ಅಂಗಿ ತೊಡಿಸ್ತಾಳೆ, ಚಿಕ್ಕಿ ಚರ್ಮ ಹೊದಿಸ್ತಾಳೆ" ಅಂದುಬಿಟ್ಟ. ದೊಡ್ಡಕ್ಕ ನಕ್ಕಳು. ಆದರೆ ಅವತ್ತಿನಿಂದ ಡಬ್ಬಿ ಎರಡಾಯಿತು.

ಆಮೇಲೆ ಕಲೆಯ ವಿಷಯ.

ಒಂದು ಕಚೇರಿಗೆ ಕಳಿಸಿದ್ದ ಪೂರ್ತಿ ಬಿಳಿಯ ಮಾದರಿ, ಹತ್ತು ದಿನಕ್ಕೆ ವಾಪಸು ಬಂತು. ಕಾಗದದ ಅಂಗಿಯ ಮೇಲೆ ನಟ್ಟನಡುವೆ ನಾಲ್ಕು ಬೆರಳು, ಒಂದು ಹೆಬ್ಬೆರಳು. ಹಳದಿ ಕಲೆ. ಎಣ್ಣೆ ಕಾಗದದೊಳಗೆ ಇಳಿದು ನಿಧಾನವಾಗಿ ಮೇಲೆದ್ದಿತ್ತು. ಅವತ್ತು ದೊಡ್ಡಕ್ಕ ಅಂಗಡಿಯಿಂದ ತಂದ ಕರಿದ ತಿಂಡಿ ತಿನ್ನುತ್ತಾ ನಿಂತಿದ್ದಳು. ಕೊಳವೆ ಉರುಳಿ ಮೇಜಿನ ಅಂಚಿಗೆ ಬಂದಾಗ ಗಬಕ್ಕನೆ ಹಿಡಿದಿದ್ದಳು. ಹಿಡಿಯದಿದ್ದರೆ ಬಿದ್ದು ಮೂಗು ಮುರಿಯುತ್ತಿತ್ತು, ಅದೂ ನಿಜ. ಚಿಕ್ಕಿ ಕಣ್ಣಾರೆ ಕಂಡಿದ್ದಳು. ಯಜಮಾನರು ಇಬ್ಬರನ್ನೂ ನಿಲ್ಲಿಸಿ, "ಯಾರ ಕೈ ಇದು?" ಎಂದು ಕೇಳಿದರು. ಚಿಕ್ಕಿ ಹಿರಿಯಳು ಮೊದಲು ಮಾತಾಡಲಿ ಎಂದು ಸುಮ್ಮನೆ ನಿಂತಳು.

ಹಿರಿಯಳು ಮಾತಾಡಿದಳು. "ನಮ್ಮ ಚಿಕ್ಕಿ ಕೈ ಸ್ವಲ್ಪ ಬೆವರುತ್ತೆ ಸರ್. ಮನೇಲೂ ಹಂಗೇ. ಪಾಪ, ಅವಳ ತಪ್ಪಲ್ಲ, ಮೈಗುಣ."

ಆ ಪಾಪ ಇದೆಯಲ್ಲ, ಅದು ಚಿಕ್ಕಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಪಾಪ ಅಂದವರಿಗೆ ಏನು ಹೇಳುವುದು? ಯಜಮಾನರು ಕೆಟ್ಟವರಲ್ಲ, ಕೆಲಸದಿಂದ ತೆಗೆಯಲಿಲ್ಲ. ಹಿಂದಿನ ಕೋಣೆಗೆ ಕಳಿಸಿದರು. ಉಜ್ಜುವುದು, ಪ್ಯಾಕ್ ಮಾಡುವುದು. ಜೊತೆಗೆ ಒಂದು ಜೋಡಿ ಬಿಳಿ ಹತ್ತಿಯ ಕೈಗವಸು. "ಮುಗಿದ ಮಾಲು ಮುಟ್ಟುವಾಗ ಕಡ್ಡಾಯ" ಎಂದು ಗೋಡೆಗೆ ಚೀಟಿ ಅಂಟಿಸಿದರು. ಕಾರ್ಖಾನೆಯಲ್ಲಿ ಹದಿನಾಲ್ಕು ಜನ, ಚೀಟಿ ಒಬ್ಬಳಿಗೆ.

ಚಿಕ್ಕಿ ಕಾದಳು. ಮನೆಗೆ ಹೋಗುವ ದಾರಿಯಲ್ಲಾದರೂ ದೊಡ್ಡಕ್ಕ, "ತಪ್ಪಾಯ್ತು ಕಣೇ, ಭಯಕ್ಕೆ ಬಾಯಿಗೆ ಬಂದ್ಬಿಡ್ತು" ಅನ್ನುತ್ತಾಳೆ ಎಂದುಕೊಂಡಳು. ಅಡುಗೆಮನೆಯಲ್ಲಿ ಅನ್ನುತ್ತಾಳೆ ಎಂದುಕೊಂಡಳು. ಬಟ್ಟೆ ಒಣಹಾಕುವಾಗ, ಮಗುವಿನ ಜ್ವರದಲ್ಲಿ, ಅತ್ತೆ ತೀರಿಹೋದ ದಿನ, ಒಂದಲ್ಲ ಒಂದು ದಿನ ಅನ್ನುತ್ತಾಳೆ ಎಂದು ಕಾದಳು. ಒಂದು ಮಾತು. ಐದು ಅಕ್ಷರದ ಒಂದು ಮಾತು. ಬರಲಿಲ್ಲ. ಗಂಡನ ಹತ್ತಿರ ಹೇಳಿದರೆ ಅವನು ದಿನಪತ್ರಿಕೆಯಿಂದ ತಲೆ ಎತ್ತದೆ, "ಅತ್ತಿಗೆ ಹಂಗೆ ಹೇಳಿರಲ್ಲ ಬಿಡು" ಅಂದ. ಗಂಡಸರಿಗೆ ದಿನಪತ್ರಿಕೆಯೊಂದು ಇಲ್ಲದಿದ್ದರೆ ಎಲ್ಲಿ ಅಡಗಿಕೊಳ್ಳುತ್ತಿದ್ದರೋ.

ಹೀಗೆ ಅವಳ ಹೆಸರು ಕಾರ್ಖಾನೆಯಲ್ಲಿ 'ಬೆವರುಗೈ' ಆಯಿತು. ತಮಾಷೆಗೇ ಅನ್ನುತ್ತಿದ್ದರು. ಲೋಟ ಕೊಟ್ಟರೆ, "ಒರೆಸಿ ಕೊಡೇ ಬೆವರುಗೈ" ಎನ್ನುವರು. ಲೇತಿನ ತಾತ ಕೂಡ, "ಕೈ ಕೆಸರಾದ್ರೆ ಬಾಯಿ ಮೊಸರಂತೆ, ಕೈ ಬೆವರಾದ್ರೆ ಬಾಯಿಗೇನಮ್ಮಾ?" ಎಂದು ಕೇಳಿದ್ದ. ಅವಳು ನಕ್ಕಿದ್ದಳು. ನಗುತ್ತಲೇ ಲೆಕ್ಕವಿಡದೆ ಎಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಂಡಳು. ಅವಳಪ್ಪ ಒಣಗುವವರೆಗೂ ಪುಸ್ತಕದ ಮೇಲೆ ಕಲ್ಲು ಹೇರಿಡುತ್ತಿದ್ದನಲ್ಲ, ಹಾಗೆ.

ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷ ಅವಳು ಸುಮ್ಮನೆ ಕೂರಲಿಲ್ಲ. ಉಜ್ಜಿದಳು. ಉಜ್ಜುವುದು ಅಂದರೆ ಏನು ಮಹಾ ಎನ್ನಬೇಡಿ. ಕಣ್ಣು ಮುಚ್ಚಿ ಕೊಳವೆಯ ಮೇಲೆ ಕೈಯಾಡಿಸಿದರೆ ಎಲ್ಲಿ ಕೂದಲೆಳೆ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಬೆರಳಿಗೆ ತಿಳಿಯುವಷ್ಟು ಉಜ್ಜಿದಳು. ಊಟದ ಹೊತ್ತಿನಲ್ಲಿ ಎಲ್ಲರೂ ಅಂಗಳದಲ್ಲಿ ಕೂತಿರುವಾಗ, ಗವಸು ಕಳಚಿ, ಕಸದ ಬುಟ್ಟಿಯಿಂದ ವಿನೈಲ್ ಚೂರುಗಳನ್ನು ಆರಿಸಿ, ಬಾಟಲಿಗೆ, ಪೊರಕೆಯ ಹಿಡಿಗೆ, ಕುರ್ಚಿಯ ಕಾಲಿಗೆ ಅಂಗಿ ತೊಡಿಸುತ್ತಿದ್ದಳು. ವಿನೈಲ್ ಆಗಷ್ಟೇ ಬರತೊಡಗಿತ್ತು. ಕಾಗದದ ಸ್ವಭಾವ ಬೇರೆ, ಇದರದು ಬೇರೆ. ಬಿಸಿ ಗಾಳಿ ತೋರಿಸಿದರೆ ಇದು ಎಳೆದಷ್ಟು ಬರುತ್ತದೆ. ಸಾಲದೆ ಬಂದ ಕಡೆಗೆ ಎಳೆದು ಸೇರಿಸಿದರೆ, ಆಹಾ, ಬೆಣ್ಣೆಯ ಹಾಗೆ ಕೂರುತ್ತದೆ. ಆದರೆ ಅದಕ್ಕೆ ಜ್ಞಾಪಕಶಕ್ತಿ ಇದೆ. ತನ್ನ ಮೊದಲಿನ ಅಳತೆಯನ್ನು ಮರೆಯುವುದಿಲ್ಲ. ನಾಲ್ಕು ದಿನ, ಆರು ದಿನ, ಒಂದು ವಾರ. ಬಿಸಿಲು ಬಿದ್ದರೆ ಇನ್ನೂ ಬೇಗ. ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ, ಸೇರಿದ ಗೆರೆ ಬಾಯಿ ಬಿಡುತ್ತದೆ. ಕುರ್ಚಿಯ ಕಾಲಿನಲ್ಲಿ ಅದನ್ನು ಮೊದಲ ಸಲ ನೋಡಿದಾಗ ಚಿಕ್ಕಿಗೆ ಯಾಕೋ ಆ ವಿನೈಲ್ ಚೂರಿನ ಮೇಲೆ ಅಕ್ಕರೆ ಬಂತು. ತನ್ನ ಜಾತಕವೇ ಎನ್ನಿಸಿತು.

ಈ ವರ್ಷ ಒಂದು ಮ್ಯೂಸಿಯಮ್ಮಿನಿಂದ ಆಳೆತ್ತರದ ರಾಕೆಟ್ಟಿಗೆ ಬೇಡಿಕೆ ಬಂತು. ಬಾಗಿಲಲ್ಲೇ ನಿಲ್ಲುವಂಥದ್ದು. ಮ್ಯೂಸಿಯಂ ಮೇಡಂ ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. ತುದಿಯ ಮೇಲೆ ತುದಿ ಹೇರಬಾರದು, ಬೆಳಕಿನಲ್ಲಿ ಮೆಟ್ಟಿಲ ಹಾಗೆ ಕಾಣುತ್ತದೆ, ಅಂಚಿಗೆ ಅಂಚು ಮುಟ್ಟಿಸಿ ಸೇರಿಸಬೇಕು, ಕಪ್ಪು ಚೌಕ ಕಪ್ಪಿಗೇ ಸೇರಬೇಕು ಎಂದರು. ದೊಡ್ಡಕ್ಕ ಈಗ ಅಂಗಿ ಮೇಜಿನ ಮುಖ್ಯಸ್ಥೆ. "ಆಗುತ್ತೆ ಮೇಡಂ" ಎಂದಳು. ಕೊಳವೆ ಬಂದ ದಿನವೇ ಕಾಗದದ ಪಟ್ಟಿ ಸುತ್ತಿ ಸುತ್ತಳತೆ ತೆಗೆದು ಪ್ರಿಂಟಿನವನಿಗೆ ಕಳಿಸಿದಳು.

ಅಲ್ಲೇ ಎಡವಿದ್ದು. ಬರಿ ಕೊಳವೆಯ ಅಳತೆ ಅದು. ಆಮೇಲೆ ಪ್ರೈಮರ್ ಎರಡು ಸಲ ಬಳಿಯುತ್ತಾರೆ, ದೊಡ್ಡ ಮಾದರಿಗೆ ಮೂರು ಸಲ. ಬಳಿದಷ್ಟೂ ಕೊಳವೆ ದಪ್ಪವಾಗುತ್ತದೆ. ಊಟಕ್ಕೆ ಮೊದಲು ಸೊಂಟದ ಅಳತೆ ಕೊಟ್ಟು ಹೊಲಿಸಿದ ಬಟ್ಟೆಯನ್ನು ಊಟವಾದ ಮೇಲೆ ತೊಟ್ಟ ಹಾಗೆ. ಕಾಗದವಾಗಿದ್ದರೆ ಒಂದು ಬೆರಳು ಹೆಚ್ಚಿಗೆ ಬಿಟ್ಟು ಮೇಲೆ ಹೇರಿಸುತ್ತಿದ್ದರು, ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಅಂಚಿಗೆ ಅಂಚು.

ತೊಡಿಸುವ ದಿನ ಕೆಳತುದಿ ಹಿಡಿಯಲು ಇನ್ನೊಬ್ಬರು ಬೇಕಿತ್ತು. ಚಿಕ್ಕಿಯನ್ನು ಕರೆದರು.

"ಗವಸು ಹಾಕ್ಕೊಂಡೇ ಬಾರೇ" ಎಂದಳು ದೊಡ್ಡಕ್ಕ.

"ಹಾಕ್ಕೊಂಡೇ ಇದ್ದೀನಕ್ಕ."

ಅಂಗಿ ಜಾರಿಸಿ ಕೂರಿಸಲು ಸೋಪಿನ ನೀರು ಸಿಂಪಡಿಸಿದರು. ದೊಡ್ಡಕ್ಕ ಮೇಲಿನಿಂದ ರಬ್ಬರ್ ಪಟ್ಟಿಯಲ್ಲಿ ಒತ್ತುತ್ತಾ ಸುತ್ತಿಕೊಂಡು ಬಂದಳು. ಕೊನೆಗೆ ಎರಡು ಅಂಚು ಎದುರಾದವು, ಮುಟ್ಟಲಿಲ್ಲ. ನಡುವೆ ಬಿಳಿ ಗೆರೆ. ಎರಡು ಅಕ್ಕಿ ಕಾಳು ಪಕ್ಕಪಕ್ಕ ಮಲಗಿದಷ್ಟು ಅಗಲ. ದೊಡ್ಡಕ್ಕನ ಮುಖದ ಬಣ್ಣ ಹೋಯಿತು. ಅತ್ತಿತ್ತ ನೋಡಿದಳು, ಯಾರೂ ಇರಲಿಲ್ಲ. ಚಿಕ್ಕಿ ಇದ್ದಳು, ಚಿಕ್ಕಿ ಲೆಕ್ಕಕ್ಕಿಲ್ಲ. ಬಿಸಿ ಗಾಳಿಯ ಮಿಷನ್ ಎತ್ತಿಕೊಂಡು ಅಂಚುಗಳಿಗೆ ಹಿಡಿದು, ಎಳೆದಳು. ಬಂತು. ಚೌಕಕ್ಕೆ ಚೌಕ ಸೇರಿತು. ಉಸಿರು ಬಿಟ್ಟು ಹಿಂದೆ ಸರಿದು, "ಹೆಂಗಿದೆ?" ಎಂದಳು.

ಚಿಕ್ಕಿಯ ನಾಲಗೆಯ ತುದಿಗೆ ಬಂದಿತ್ತು. ಅಕ್ಕ, ಇದು ವಾಪಸ್ ಹೋಗುತ್ತೆ, ಬಿಚ್ಚೋಣ. ಹನ್ನೊಂದು ವರ್ಷದ ಹಿಂದಿನ ಚಿಕ್ಕಿಯಾಗಿದ್ದರೆ ಹೇಳುತ್ತಿದ್ದಳು. ಒಂದು ಗಳಿಗೆ ದೊಡ್ಡಕ್ಕನ ಮುಖ ನೋಡಿದಳು. ಈಗಾದರೂ, ಇಬ್ಬರೇ ಇದ್ದೇವೆ, ಈಗಾದರೂ ಆ ಮಾತು ಬಂದರೆ ನಾನೂ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಪಂಥ ಕಟ್ಟಿದಳು.

ದೊಡ್ಡಕ್ಕ ಅಂದಳು, "ಕೆಳಗೆ ಗಟ್ಟಿ ಹಿಡ್ಕೋ. ಗವಸು ತೆಗೀಬೇಡ ಮತ್ತೆ."

"ಬೆಣ್ಣೆ ಹಾಗೆ ಕೂತಿದೆ ಅಕ್ಕ" ಎಂದಳು ಚಿಕ್ಕಿ.

ಮುಗಿದ ಮಾಲು ಎಲ್ಲಿ ನಿಲ್ಲಬೇಕು ಎನ್ನುವುದು ಪ್ಯಾಕಿಂಗಿನವಳ ಅಧಿಕಾರ. ಕಾರ್ಖಾನೆಯಲ್ಲಿ ಅವಳಿಗಿದ್ದ ಒಂದೇ ಅಧಿಕಾರ. ಚಿಕ್ಕಿ ರಾಕೆಟ್ಟನ್ನು ತಳ್ಳುಗಾಡಿಯಲ್ಲಿ ಹಿಂದಿನ ಕೋಣೆಗೆ ಒಯ್ದು, ಪಶ್ಚಿಮದ ಕಿಟಕಿಯ ಮುಂದೆ ನಿಲ್ಲಿಸಿದಳು. ಸೇರಿದ ಗೆರೆಯನ್ನು ಬಿಸಿಲಿನ ಕಡೆಗೆ ತಿರುಗಿಸಿದಳು. ಕಿಟಕಿಯ ಗಾಜನ್ನು ಒರೆಸಿದಳು ಕೂಡ. ವರ್ಷಗಟ್ಟಲೆ ಒರೆಸದ ಗಾಜು ಅದು.

ಲೇತಿನ ತಾತ ಬಾಗಿಲಲ್ಲಿ ಇಣುಕಿದ. "ಏನಮ್ಮಾ, ರಾಕೆಟ್ಟನ್ನ ಬಿಸಿಲಿಗೆ ಇಟ್ಟಿದ್ದೀಯ?"

"ಒಣಗ್ಲಿ ಅಂತ."

"ವಿನೈಲ್‌ನಲ್ಲಿ ಒಣಗೋದೇನಿದೆ?"

"ಒಣಗೋದು ಇರುತ್ತೆ ತಾತ. ಕೆಲವೊಂದು ಒಣಗೋಕೆ ವರ್ಷಾನುಗಟ್ಟಲೆ ಬೇಕು."

ತಾತ ರಾಕೆಟ್ಟನ್ನು ನೋಡಿದ, ಅವಳನ್ನು ನೋಡಿದ, ಒರೆಸಿದ ಗಾಜನ್ನು ನೋಡಿದ. ನಲವತ್ತು ವರ್ಷ ಮರ ಕಡೆದ ಮನುಷ್ಯ, ಎಲ್ಲಿ ಸೀಳು ಬಿಡುತ್ತದೆ ಎಂದು ಅವನಿಗೆ ವಾಸನೆ ಹತ್ತುತ್ತದೆ. ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ಹೋದ.

ಮೂರನೆಯ ದಿನ ಏನೂ ಇಲ್ಲ. ನಾಲ್ಕನೆಯ ದಿನ ಉಗುರಿಗೆ ತಾಗಿತು, ಕಣ್ಣಿಗೆ ಕಾಣಲಿಲ್ಲ. ಆರನೆಯ ದಿನ ಕೂದಲೆಳೆ. ಚಿಕ್ಕಿ ದಿನವೂ ಬೆಳಗ್ಗೆ ಬಂದವಳೇ ಅದನ್ನು ನೋಡುತ್ತಿದ್ದಳು, ಬಿತ್ತಿದವರು ಮೊಳಕೆ ನೋಡುವ ಹಾಗೆ. ಮನೆಯಲ್ಲಿ ದೊಡ್ಡಕ್ಕನಿಗೆ ಆ ವಾರ ಸೊಂಟ ನೋವು. ಚಿಕ್ಕಿಯೇ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡು, "ನಿನ್ನ ಕೈಗುಣ ಒಳ್ಳೇದು ಕಣೇ" ಎಂದಳು. ಆ ಹೊತ್ತಿನಲ್ಲಿ ಚಿಕ್ಕಿಯ ಬೆರಳು ಒಂದು ಕ್ಷಣ ನಿಂತದ್ದು ನಿಜ. ನಾಳೆ ರಾಕೆಟ್ಟನ್ನು ನೆರಳಿಗೆ ಸರಿಸಲೇ ಎಂದು ಯೋಚಿಸಿದ್ದೂ ನಿಜ. ಸರಿಸಲಿಲ್ಲ.

ಎಂಟನೆಯ ದಿನ ಬೆಳಗ್ಗೆ ಮ್ಯೂಸಿಯಂ ಮೇಡಂ ನೋಡಲು ಬಂದರು. ಎರಡು ದಿನ ಬಿಟ್ಟು ಅವರ ಬಾಗಿಲು ತೆರೆಯುವ ಕಾರ್ಯಕ್ರಮ. ಯಜಮಾನರು ಮುಂದೆ, ಮೇಡಂ ಹಿಂದೆ, ದೊಡ್ಡಕ್ಕ ಒಗೆದ ಬಟ್ಟೆ ತೊಟ್ಟು ಪಕ್ಕದಲ್ಲಿ. ಚಿಕ್ಕಿ ಹೊದಿಸಿದ್ದ ಬಟ್ಟೆಯನ್ನು ಮೆಲ್ಲಗೆ ಎಳೆದಳು.

ಮೂಗಿನಿಂದ ಬುಡದವರೆಗೆ, ಬಾಚಿದ ತಲೆಯಲ್ಲಿ ಬೈತಲೆ ತೆಗೆದ ಹಾಗೆ, ನೇರ ಬಿಳಿ ಗೆರೆ.

ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದನ್ನೇನು ನಾನು ಬಾಗಿಲಲ್ಲಿ ನಿಲ್ಲಿಸ್ಬೇಕಾ?"

ಯಜಮಾನರು ಪ್ರಿಂಟಿನವನಿಗೆ ಫೋನ್ ಹಚ್ಚಿ ಕೂಗಾಡಿದರು. ಅವನು, "ನೀವು ಕಳ್ಸಿದ ಅಳತೆಗೇ ಹೊಡ್ದಿದ್ದೀನಿ ಸರ್, ಚೀಟಿ ಇದೆ ನನ್ ಹತ್ರ" ಎಂದ. ಯಜಮಾನರು ದೊಡ್ಡಕ್ಕನ ಕಡೆ ತಿರುಗಿದರು. "ಅದು… ವಿನೈಲ್ ಮಾಲೇ ಸರಿ ಇಲ್ಲ ಸರ್" ಎಂದಳು. ಆಮೇಲೆ ಅವಳ ಕಣ್ಣು ತಾನಾಗಿ, ಅಭ್ಯಾಸವಾದ ದಾರಿಯಲ್ಲಿ, ಚಿಕ್ಕಿಯ ಕಡೆ ಹೊರಳಿತು. "ಕೆಳಗಡೆ ಹಿಡ್ಕೊಂಡಿದ್ದು ಚಿಕ್ಕಿ. ಅವಳ ಕೈ ಗೊತ್ತಲ್ಲ ಸರ್ ನಿಮ್ಗೆ, ಬೆವರಿಗೆ ಅಂಟು ಬಿಟ್ಟಿರ್ಬೇಕು. ಪಾಪ…"

"ಗವಸು ಹಾಕ್ಕೊಂಡಿದ್ದೆ" ಎಂದಳು ಚಿಕ್ಕಿ. ದನಿ ಏರಲಿಲ್ಲ. "ನೀವೇ ಹಾಕ್ಕೋ ಅಂದ್ರಿ ಅಕ್ಕ."

ಲೇತಿನ ತಾತ ಹಿಂದಿನಿಂದ ಕೆಮ್ಮಿದ. "ಕೆಳಗೆ ಹಿಡಿದವಳ ಬೆವರಿಗೆ ಮೇಲಿನ ಮೂಗಿನ ತನಕ ಬಿರಿಯುತ್ತೆ ಅಂದ್ರೆ, ಈ ಬೇಸಗೇಲಿ ನಾನೇ ಎರಡು ಹೋಳಾಗ್ಬೇಕಿತ್ತು."

ಯಾರೋ ಕಿಸಕ್ಕೆಂದರು. ಮೇಡಂ ಕೈಚೀಲ ಎತ್ತಿಕೊಂಡರು. "ನಂಗೆ ಟೈಮಿಲ್ಲ. ಬೇರೆ ಕಡೆ ನೋಡ್ಕೋತೀನಿ."

ಆಗ ಚಿಕ್ಕಿ ಅಂದಳು, "ನಾಳೆ ಬೆಳಗ್ಗೆ ಬನ್ನಿ ಮೇಡಂ. ಸರಿ ಇಲ್ಲ ಅಂದ್ರೆ ಬಾಗಿಲಲ್ಲಿ ನನ್ನೇ ನಿಲ್ಲಿಸ್ಕೊಳ್ಳಿ."

ಯಜಮಾನರು, "ಏನೇ ಇದು? ಅಂಗಿದು ಇನ್ನೊಂದು ಪ್ರತಿ ಹೊಡ್ಸಿಟ್ಟಿರೋದು ನಿಜ, ಅದೂ ಇದೇ ಅಳತೆ ತಾನೆ? ಹೊಸದು ಹೊಡ್ಸೋಕೆ ಮೂರು ದಿನ ಬೇಕು" ಎಂದರು.

"ಅಂಗಿ ಬಿಗಿ ಆದ್ರೆ ಅಂಗೀನೇ ಯಾಕೆ ಎಳೀಬೇಕು ಸರ್? ಮೈ ಇಳಿಸಿದ್ರಾಯ್ತು."

ಒಬ್ಬರಿಗೂ ಅರ್ಥವಾಗಲಿಲ್ಲ. ತಾತನಿಗಾಯಿತು. ಅವನು ತೊಡೆ ತಟ್ಟಿಕೊಂಡ.

"ಆದ್ರೆ ಮೂರು ಮಾತು" ಎಂದಳು ಚಿಕ್ಕಿ. "ಅಂಗಿ ತೊಡಿಸೋದು ನಾನು, ಮುಂದಿನ ಕೋಣೇಲಿ, ಎಲ್ಲರೆದುರು. ಬರಿಗೈಯಲ್ಲಿ. ಕೆಳತುದಿ ಹಿಡಿಯೋದು ದೊಡ್ಡಕ್ಕ."

ಯಜಮಾನರಿಗೆ ಬೇರೆ ದಾರಿಯಿರಲಿಲ್ಲ. ಮೇಡಂ ವಾಚು ನೋಡಿಕೊಂಡು, "ಬೆಳಗ್ಗೆ ಒಂಬತ್ತಕ್ಕೆ" ಎಂದು ಹೇಳಿ ಹೋದರು.

ಆ ದಿನವಿಡೀ ಚಿಕ್ಕಿ ಕೊಳವೆಯ ಪ್ರೈಮರ್ ಉಜ್ಜಿ ತೆಳ್ಳಗೆ ಮಾಡಿದಳು. ಬಿರಿದ ಅಂಗಿಯನ್ನು ಸುಲಿದು, ಅಂಟಿನ ಜಿಡ್ಡು ಒರೆಸಿದಳು. ಎರಡನೆಯ ಪ್ರತಿಯ ಅಗಲಕ್ಕೆ ಸರಿಯಾಗಿ ಒಂದು ಕಾಗದದ ಪಟ್ಟಿ ಕತ್ತರಿಸಿ, ಅಂಚಿಗೆ ಅಂಚು ಸೇರಿಸಿ ಬಳೆಯ ಹಾಗೆ ಉಂಗುರ ಮಾಡಿದಳು. ಆ ಉಂಗುರ ಕೊಳವೆಯ ಮೇಲಿನಿಂದ ಕೆಳಗೆ ತಡೆಯಿಲ್ಲದೆ ಜಾರಬೇಕು, ಸಡಿಲವೂ ಆಗಬಾರದು. ಮೊದಮೊದಲು ಅದು ತುದಿಯಲ್ಲೇ ಸಿಕ್ಕಿಕೊಂಡಿತು. ಉಜ್ಜಿದಳು. ಒಂದು ಗೇಣು ಇಳಿಯಿತು. ಉಜ್ಜಿದಳು. ಬಿಳಿ ಪುಡಿ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ, ಮೂಗಿನ ಹೊಳ್ಳೆಯಲ್ಲಿ. ಉಂಗುರ ಎಲ್ಲಿ ನಿಲ್ಲುತ್ತದೋ ಅಲ್ಲಿ ಬೆರಳಿಟ್ಟು ಕಣ್ಣು ಮುಚ್ಚಿ, ಉಬ್ಬನ್ನು ಹುಡುಕಿ, ಅಷ್ಟನ್ನೇ ತೆಗೆದಳು. ಯಾವ ಕೋಣೆಗೆ ಶಿಕ್ಷೆಯೆಂದು ಕಳಿಸಿದ್ದರೋ ಆ ಕೋಣೆಯಲ್ಲಿ ಕಲಿತದ್ದೇ ಈಗ ಕತ್ತಿಯಾಯಿತು. ಸಂಜೆ ಐದಕ್ಕೆ ಉಂಗುರ ಮೂಗಿನ ಬುಡದಿಂದ ಸರ್ರನೆ ಜಾರಿ ನೆಲಕ್ಕೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ತಾತ ಟೋಪಿ ತೆಗೆದ.

ಮರುದಿನ ಒಂಬತ್ತಕ್ಕೆ ಹದಿನಾಲ್ಕು ಜನವೂ ಮುಂದಿನ ಕೋಣೆಯಲ್ಲಿದ್ದರು. ಮೇಡಂಗೆ ಕುರ್ಚಿ. ಚಿಕ್ಕಿ ನಲ್ಲಿಯಲ್ಲಿ ಕೈ ತೊಳೆದು, ಒರೆಸಿ, ಮೇಜಿನ ಮೇಲೆ ಒಂದು ಬಿಳಿ ಕಾಗದ ಹಾಸಿದಳು. ಎರಡೂ ಅಂಗೈ ಊರಿ ನಿಂತಳು. ಗೋಡೆಯ ಗಡಿಯಾರ ನೋಡಿ ಪೂರ್ತಿ ಐದು ನಿಮಿಷ. ತಗಡು ಕಾಯುತ್ತಿತ್ತು. ಯಜಮಾನರು ಕತ್ತು ಒರೆಸಿಕೊಂಡರು. ಚಿಕ್ಕಿ ಕೈ ಎತ್ತಿ, ಕಾಗದವನ್ನು ಅವರ ಕೈಗೆ ಕೊಟ್ಟಳು.

ಯಜಮಾನರು ಅದನ್ನು ಬೆಳಕಿಗೆ ಹಿಡಿದರು. ತಿರುಗಿಸಿ ಹಿಡಿದರು. ಏನೂ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ, ಹುಣ್ಣೇ ಇಲ್ಲದ ಅಂಗೈಗೆ ಇಷ್ಟೆಲ್ಲ ಬೇಕಾಯಿತು. ಕಾಗದದ ಮೇಲೆ ಅವರದೇ ಹೆಬ್ಬೆರಳಿನ ಒದ್ದೆ ಮಾತ್ರ ಮೂಡಿತ್ತು.

"ಮತ್ತೆ ಅವತ್ತು… ಆ ಕಲೆ?" ಎಂದರು.

ಚಿಕ್ಕಿ ಜೇಬಿನಿಂದ ಬಿಳಿ ಹತ್ತಿಯ ಗವಸುಗಳನ್ನು ತೆಗೆದು, ಒಗೆದು ಮಡಿಸಿದ್ದವುಗಳನ್ನು, ದೊಡ್ಡಕ್ಕನ ಮುಂದೆ ಚಾಚಿದಳು.

"ಹಾಕ್ಕೊಳ್ಳಿ ಅಕ್ಕ. ಮುಗಿದ ಮಾಲು ಮುಟ್ಟುವಾಗ ಕಡ್ಡಾಯ."

ದೊಡ್ಡಕ್ಕ ಗವಸು ತೆಗೆದುಕೊಂಡಳು. ಹೆಬ್ಬೆರಳಿನ ಜಾಗದಲ್ಲಿ ತೋರುಬೆರಳು ಹೋಯಿತು. ಬಿಚ್ಚಿ ಮತ್ತೆ ತೊಟ್ಟಳು. ಕೆಳಗೆ ಕೂತಳು, ನೋಯುವ ಸೊಂಟವನ್ನು ಬಗ್ಗಿಸಿ, ಅಂಚು ಹಿಡಿದಳು. ಕೂತಲ್ಲಿಂದ ತಲೆಯೆತ್ತಿ, ಎಲ್ಲರಿಗೂ ಕೇಳುವ ಹಾಗೆ, "ಚಿಕ್ಕಿ, ಅವತ್ತು ಆ ಕಲೆ…" ಎಂದಳು.

ಬಂದಿತ್ತು ನೋಡಿ. ಹನ್ನೊಂದು ವರ್ಷ ಕಾದ ಮಾತು, ಬಾಗಿಲ ತನಕ ಬಂದಿತ್ತು. ಇನ್ನು ನಾಲ್ಕು ಅಕ್ಷರ ಬಂದಿದ್ದರೆ ದೊಡ್ಡಕ್ಕನ ಎದೆ ಹಗುರವಾಗುತ್ತಿತ್ತು. ಜನ, ಒಪ್ಪಿಕೊಂಡಳಲ್ಲ ಪಾಪ, ದೊಡ್ಡ ಮನಸ್ಸು ಅನ್ನುತ್ತಿದ್ದರು. ಆ ಪಾಪ ಅವಳ ಪಾಲಿಗೆ ಹೋಗುತ್ತಿತ್ತು. ಚಿಕ್ಕಿಗೆ ಅದು ಮಿಂಚಿನ ಹಾಗೆ ಹೊಳೆಯಿತು.

"ಈಗ ಮಾತು ಬೇಡ ಅಕ್ಕ" ಎಂದಳು ಮೆತ್ತಗೆ. "ಉಸಿರು ತಾಗಿದ್ರೆ ಧೂಳು ಕೂರುತ್ತೆ."

ದೊಡ್ಡಕ್ಕನ ಬಾಯಿ ತೆರೆದದ್ದು ತೆರೆದ ಹಾಗೇ ಮುಚ್ಚಿಕೊಂಡಿತು.

ಚಿಕ್ಕಿ ಸೋಪಿನ ನೀರು ಸಿಂಪಡಿಸಿದಳು. ಅಂಗಿಯನ್ನು ಕೊಳವೆಯ ಮೇಲೆ ಹಾಕಿದ್ದ ಗುರುತಿನ ಗೆರೆಗೆ ಮುಟ್ಟಿಸಿ, ಅಂಗೈಯಿಂದ ಸವರುತ್ತಾ, ಮಗುವಿಗೆ ಸ್ನಾನ ಮಾಡಿಸಿ ಬಟ್ಟೆ ಸುತ್ತುವ ಹಾಗೆ ಸುತ್ತಿದಳು. ಎಳೆಯಲಿಲ್ಲ, ಒಮ್ಮೆಯೂ ಎಳೆಯಲಿಲ್ಲ. ಬಿಸಿ ಗಾಳಿಯ ಮಿಷನ್ ಮೇಜಿನ ಮೇಲೆ ಅದರ ಪಾಡಿಗೆ ಬಿದ್ದಿತ್ತು. ರಬ್ಬರ್ ಪಟ್ಟಿಯಿಂದ ನೀರನ್ನು ಹೊರಕ್ಕೆ ತಳ್ಳಿದಳು. ಅಂಚು ಅಂಚಿನ ಕಡೆ ಬಂತು, ಹತ್ತಿರ ಬಂತು, ಮುಟ್ಟಿತು. ಕಪ್ಪಿಗೆ ಕಪ್ಪು, ಬಿಳಿಗೆ ಬಿಳಿ. ಮೇಡಂ ಎದ್ದು ಬಂದು ಉಗುರು ಆಡಿಸಿದರು. ಸಿಗಲಿಲ್ಲ. ಇನ್ನೊಂದು ಕಡೆ ಆಡಿಸಿದರು. "ಎಲ್ಲಿ ಸೇರ್ಸಿದ್ದೀರಿ?" ಎಂದು ಕೇಳಿದರು.

ಅದೊಂದು ವಿಷಯ ಚಿಕ್ಕಿ ಒಪ್ಪಬೇಕು. ದೊಡ್ಡಕ್ಕ ಕೆಳತುದಿಯನ್ನು ಕದಲದೆ ಹಿಡಿದಿದ್ದಳು. ಒಂದು ಎಳೆ ಅತ್ತಿತ್ತ ಮಾಡಿದ್ದರೂ ಚೌಕ ತಪ್ಪುತ್ತಿತ್ತು. ಸೇಡಿಗೆ ಅವಳೂ ಸೇಡು ತೀರಿಸಬಹುದಿತ್ತು, ತೀರಿಸಲಿಲ್ಲ. ಅದು ಚಿಕ್ಕಿಗೆ ಸ್ವಲ್ಪ ಕಿರಿಕಿರಿಯೇ ಆಯಿತು, ಬೇಯಿಸಿದ್ದರಲ್ಲಿ ಕಲ್ಲು ಸಿಕ್ಕ ಹಾಗೆ.

ರಾಕೆಟ್ ಈಗ ಮ್ಯೂಸಿಯಮ್ಮಿನ ಬಾಗಿಲಲ್ಲಿ ನಿಂತಿದೆ. ಚಿಕ್ಕಿ ಅಂಗಿ ಮೇಜಿನ ಮುಖ್ಯಸ್ಥೆ. ದೊಡ್ಡಕ್ಕ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಅಂಚು ಹಿಡಿಯುತ್ತಾಳೆ, ಗವಸು ತೊಟ್ಟು. ಯಜಮಾನರು ಗೋಡೆಯ ಚೀಟಿ ಕಿತ್ತು ಹಾಕಲು ಹೋದಾಗ, "ಇರ್ಲಿ ಬಿಡಿ ಸರ್, ಶುಚಿಗೆ ಒಳ್ಳೇದು" ಎಂದವಳು ಚಿಕ್ಕಿಯೇ.

ಮನೆಯಲ್ಲಿ ಎಲ್ಲ ಮೊದಲಿನ ಹಾಗೆ. ಒಬ್ಬಳು ಪಾತ್ರೆ ತಿಕ್ಕಿದರೆ ಇನ್ನೊಬ್ಬಳು ತೊಳೆಯುತ್ತಾಳೆ. ಆಗಾಗ ದೊಡ್ಡಕ್ಕನ ಕೈ ತಿಕ್ಕುವುದನ್ನು ನಿಲ್ಲಿಸುತ್ತದೆ. ಗಂಟಲು ಸರಿಮಾಡಿಕೊಳ್ಳುತ್ತಾಳೆ. "ಚಿಕ್ಕಿ, ಅವತ್ತು ನಾನು…" ಎನ್ನುತ್ತಾಳೆ.

ಚಿಕ್ಕಿ ಬೆವರದ ಕೈ ಚಾಚಿ ನಲ್ಲಿಯನ್ನು ಪೂರ್ತಿ ತಿರುಗಿಸುತ್ತಾಳೆ. ನೀರು ತಪ್ಪಲೆಯ ತಳಕ್ಕೆ ಧೋ ಎಂದು ಬೀಳುತ್ತದೆ.

"ಏನಂದ್ರಿ ಅಕ್ಕ? ಕೇಳಿಸ್ಲಿಲ್ಲ."